ಮಾಜಿ ಸೈನಿಕರ ಮನೆಯವರಿಗೆ: ನ್ಯೂರೋಫೀಡ್‌ಬ್ಯಾಕ್‌ಗೆ ಹೋಗುವ ಮೊದಲು, ಹೋದಾಗ, ಬಂದ ಮೇಲೆ

ನಮ್ಮ ಮನೆಯಲ್ಲಿ ಹದಿನೆಂಟು ವರ್ಷ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಧಾರವಾಡದಲ್ಲೇ ಹುಟ್ಟಿ ಬೆಳೆದ ನಾನು ಲಟ್ಟಣಿಗೆ ಹಿಡಿದು ರೊಟ್ಟಿ ಲಟ್ಟಿಸುವುದನ್ನು ಕಲಿತೆ. ಬೆಳಗಿನ ಜಾವ ಅಡುಗೆಮನೆಯಿಂದ ದಪ್ ದಪ್ ಎಂಬ ಸದ್ದು ಬಂದರೆ ನಮ್ಮ ಯಜಮಾನರು ಪೂರ್ತಿ ಎಚ್ಚರವಾಗುವ ಮೊದಲೇ ಮಂಚದಿಂದ ಉರುಳಿ ನೆಲದ ಮೇಲೆ ಬೋರಲಾಗಿ ಬೀಳುತ್ತಿದ್ದರು. ಅವರು ಕಾಲಾಳು ಪಡೆಯಲ್ಲಿ ಹವಾಲ್ದಾರರಾಗಿದ್ದವರು. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್‌ನಲ್ಲಿದ್ದರು. 2004ರಲ್ಲಿ ನಿವೃತ್ತರಾಗಿ ಬಂದು ಬ್ಯಾಂಕೊಂದರಲ್ಲಿ ಕಾವಲುಗಾರರಾದರು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದವಳು.

2022ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಅವರನ್ನು ಹುಬ್ಬಳ್ಳಿಗೆ ನ್ಯೂರೋಫೀಡ್‌ಬ್ಯಾಕ್‌ಗೆ, ಅಂದರೆ ತಲೆಗೆ ವೈರ್ ಹಚ್ಚಿ ಮಿದುಳಿನ ಅಲೆಗಳಿಗೆ ಕೊಡುವ ತರಬೇತಿಗೆ, ಕರೆದುಕೊಂಡು ಹೋದೆ. ಒಟ್ಟು ಮೂವತ್ತು ಸಿಟಿಂಗ್. ಅಂದಿನಿಂದ ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತಾಗಲೆಲ್ಲ ಯಾರಾದರೊಬ್ಬ ಹೆಣ್ಣುಮಗಳು ಪಕ್ಕಕ್ಕೆ ಸರಿದು ಬಂದು ಮೆಲ್ಲಗೆ ಕೇಳುತ್ತಾಳೆ: "ಅದೇನೋ ತಲೆಗೆ ವೈರ್ ಹಚ್ಚುತ್ತಾರಂತಲ್ಲ ಅಕ್ಕಾ, ಅದರಿಂದ ಕಡಿಮೆಯಾಗುತ್ತದೆಯೇ?" ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಕಾಯಿಲೆಗೆ ಹೆಸರು ಬರಲಿ

ವೈರ್‌ನ ಮಾತು ಆಮೇಲೆ. ಮೊದಲು ಮನೋವೈದ್ಯರ ಹತ್ತಿರ ಹೋಗಿ, ಕಾಯಿಲೆ ಯಾವುದು ಎಂದು ಬರೆಸಿಕೊಂಡು ಬನ್ನಿ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಹೆಸರು ಹೇಳಿದರೆ ನಮ್ಮ ಕಡೆ ಈಗಲೂ ಮುಖ ತಿರುಗಿಸುವವರಿದ್ದಾರೆ. ಬ್ರಿಟಿಷರ ಕಾಲದಲ್ಲಿ ಅದು ಹುಚ್ಚಾಸ್ಪತ್ರೆಯಾಗಿ ಆರಂಭವಾಯಿತು. ಆ ಹೆಸರು ಜನರ ನಾಲಿಗೆಯಿಂದ ಇನ್ನೂ ಹೋಗಿಲ್ಲ. ನನ್ನ ಗಂಡ ಆ ಗೇಟಿನ ಮುಂದೆ ಎರಡು ಸಲ ಹೋಗಿ ಎರಡು ಸಲವೂ ತಿರುಗಿ ಬಂದರು. ಮೂರನೆಯ ಸಲ ಅವರ ಜೊತೆಗೆ ಸೇವೆಯಲ್ಲಿದ್ದ ಗೆಳೆಯರೊಬ್ಬರನ್ನು ಕರೆದುಕೊಂಡು ಹೋದೆ, ಆಗ ಒಳಗೆ ಹೋದರು. ಹೆಂಡತಿಯ ಮಾತಿಗಿಂತ ಜೊತೆಗಾರನ ಮಾತು ಸೈನಿಕರಿಗೆ ಬೇಗ ನಾಟುತ್ತದೆ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಉಪಯೋಗಿಸಿಕೊಳ್ಳಿ.

ನಮ್ಮವರ ಕಾಯಿಲೆ ಪಿಟಿಎಸ್‌ಡಿ, ಭೀಕರವಾದದ್ದನ್ನು ಕಂಡವರ ಮನಸ್ಸಿನಲ್ಲಿ ಆ ಆಘಾತ ಉಳಿದುಬಿಡುವ ಕಾಯಿಲೆ. ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ಕಂಡ ಮೇಲೆ. ಕಂಡದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು, ಅದನ್ನು ನೆನಪಿಸುವ ಜಾಗ ಮತ್ತು ಜನರಿಂದ ದೂರ ಓಡುವುದು, ಮನಸ್ಸು ಮರಗಟ್ಟಿ ಮಕ್ಕಳ ನಗುವೂ ತಟ್ಟದಿರುವುದು, ಸಣ್ಣ ಸದ್ದಿಗೂ ಮೈಯೆಲ್ಲ ಬಿಲ್ಲಿನಂತೆ ಸೆಟೆದು ನಿಲ್ಲುವುದು. ಇವು ಒಂದು ತಿಂಗಳಿಗೂ ಮೀರಿ ಉಳಿದು ಬದುಕನ್ನು ಕೆಡಿಸಿದರೆ ವೈದ್ಯರು ಆ ಹೆಸರು ಬರೆಯುತ್ತಾರೆ. ಎಷ್ಟೋ ವರ್ಷ ತಡೆದು ಉಲ್ಬಣಿಸುವುದೂ ಉಂಟು. ನಮ್ಮವರು 2016ರವರೆಗೆ ಹೇಗೋ ಸಂಭಾಳಿಸಿಕೊಂಡು ಬಂದಿದ್ದರು. ಆ ವರ್ಷ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಅದರಡಿ ಸಿಲುಕಿದರು. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ಮೇಲೆ ಜೀವಂತವಾಗಿ ಹೊರತೆಗೆದರು. ಫೆಬ್ರುವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಧಾರವಾಡದ ಮನೆಮನೆಯಲ್ಲೂ ಆ ವಾರ ದೇವರಿಗೆ ದೀಪವಿಟ್ಟಿದ್ದರು. ನಮ್ಮವರು ಆ ದಿನಗಳನ್ನೆಲ್ಲ ಟಿ.ವಿ. ಮುಂದೆ ಬೂಟು ಹಾಕಿಕೊಂಡೇ ಕುಳಿತು ಕಳೆದರು. ಆಮೇಲೆ ಅವರಿಗೆ ರಾತ್ರಿ ಮೂರು ಗಂಟೆಗಿಂತ ಹೆಚ್ಚು ನಿದ್ದೆ ಬಂದದ್ದು ನನಗೆ ನೆನಪಿಲ್ಲ.

ವೈದ್ಯರಿಗೆ ಪಿಸಿಎಲ್-5 ಎಂಬ ಪ್ರಶ್ನಾವಳಿಯ ಬಗ್ಗೆ ಕೇಳಿ. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 80. ಸಾಮಾನ್ಯವಾಗಿ 31–33ರ ಮೇಲಿದ್ದರೆ ಪಿಟಿಎಸ್‌ಡಿ ಇರಬಹುದೆಂದು ಮುಂದಿನ ತಪಾಸಣೆ ಮಾಡುತ್ತಾರೆ. ನಮ್ಮವರದು ಮೊದಲ ದಿನ 56 ಇತ್ತು. ಆ ಹಾಳೆಯನ್ನು ಜೋಪಾನವಾಗಿಡಿ. ಮುಂದೆ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅಳೆಯಲು ನಿಮ್ಮ ಕೈಯಲ್ಲಿರುವ ಗಜಕೋಲು ಅದೇ.

ಇದು ಏನು, ಎಷ್ಟು ನಂಬಬೇಕು

ತಲೆಗೆ ವೈರ್ ಎಂದೊಡನೆ ನಮ್ಮವರು ಕೇಳಿದ ಮೊದಲ ಪ್ರಶ್ನೆ, "ಶಾಕ್ ಕೊಡುತ್ತಾರೆಯೇ?" ಇಲ್ಲ. ನ್ಯೂರೋಫೀಡ್‌ಬ್ಯಾಕ್‌ನಲ್ಲಿ ಮಿದುಳಿನೊಳಕ್ಕೆ ವಿದ್ಯುತ್ ಹೋಗುವುದಿಲ್ಲ. ಮಿದುಳಿನಿಂದ ನೆತ್ತಿಯವರೆಗೆ ತಾನಾಗಿ ಬರುವ ಅತಿ ಸಣ್ಣ ವಿದ್ಯುತ್ತನ್ನು, ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟನ್ನು, ವೈರ್ ಹಿಡಿದುಕೊಂಡು ಕಂಪ್ಯೂಟರಿಗೆ ಕೊಡುತ್ತದೆ. ಮನುಷ್ಯನ ಮಿದುಳಿನ ಇಂಥ ಅಲೆಗಳನ್ನು ಜರ್ಮನಿಯ ಮನೋವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ದಾಖಲಿಸಿದರು. ಕಣ್ಣು ಮುಚ್ಚಿ ನಿರಾಳವಾಗಿ ಕುಳಿತಾಗ ಸೆಕೆಂಡಿಗೆ 8ರಿಂದ 12 ಸಲ ಏಳುವ ಅಲೆ ಆಲ್ಫಾ. ಅದಕ್ಕಿಂತ ನಿಧಾನವಾಗಿ, 4ರಿಂದ 8 ಸಲ ಏಳುವುದು ಥೀಟಾ. ಜೊಂಪು ಹತ್ತುವಾಗ ಅದು ಹೆಚ್ಚುತ್ತದೆ. 13ರ ಮೇಲಿನದು ಬೀಟಾ, ಎಚ್ಚರದ ಮತ್ತು ಆತಂಕದ ಹೊತ್ತಿನದು.

ನಮ್ಮ ಪಕ್ಕದ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಮಗು ತಂಬೂರಿಯ ಶ್ರುತಿಗೆ ದನಿ ಕೂಡಿಸುತ್ತ ಒಂದು ಕೂದಲೆಳೆಯಷ್ಟು ಕೆಳಗಿಳಿದರೆ ತನ್ನ ಕಿವಿಗೇ ಅದು ಗೊತ್ತಾಗಿ ದನಿಯನ್ನು ಏರಿಸಿಕೊಳ್ಳುತ್ತದೆ. ಹೇಗೆ ಏರಿಸಿದೆ ಎಂದು ಕೇಳಿದರೆ ಮಗು ಹೇಳಲಾರದು. ನ್ಯೂರೋಫೀಡ್‌ಬ್ಯಾಕ್ ಕೂಡ ಹಾಗೆಯೇ ನಡೆಯುತ್ತದೆ. ಮಿದುಳು ಬೇಕಾದ ಅಲೆಯನ್ನು ಹೊರಡಿಸಿದಾಗ ಪರದೆಯ ಮೇಲೆ ಚಿತ್ರ ಬೆಳಗುತ್ತದೆ ಅಥವಾ ಗಂಟೆಯ ನಾದ ಕೇಳುತ್ತದೆ. ತಪ್ಪಿದರೆ ಚಿತ್ರ ಮಂಕಾಗುತ್ತದೆ. ಮತ್ತೆ ಮತ್ತೆ ಹೀಗಾದಾಗ ಮಿದುಳು ಆ ಶ್ರುತಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹಾಗಾಗಿ ಇದನ್ನು ಔಷಧಿ ಎಂದುಕೊಳ್ಳದೆ ರಿಯಾಜ್ ಎಂದುಕೊಂಡು ಹೋಗಿ. ನಾಲ್ಕು ದಿನದಲ್ಲಿ ಬರುವ ವಿದ್ಯೆಯಲ್ಲ.

ಎಷ್ಟು ನಂಬಬೇಕು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. 1991ರಲ್ಲಿ ಪೆನಿಸ್ಟನ್ ಮತ್ತು ಕುಲ್ಕೋಸ್ಕಿ ಎಂಬ ಇಬ್ಬರು ವಿಯೆಟ್ನಾಂ ಯುದ್ಧದ 29 ಸೈನಿಕರ ಮೇಲೆ ನಡೆಸಿದ ಅಧ್ಯಯನದಲ್ಲಿ ಆಲ್ಫಾ-ಥೀಟಾ ತರಬೇತಿ ಪಡೆದವರಿಗೆ ಒಳ್ಳೆಯದಾಯಿತೆಂದು ಬರೆದರು. 2016ರಲ್ಲಿ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು ಬೇರೆ ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ 52 ಜನರನ್ನು ತೆಗೆದುಕೊಂಡು 24 ಸಿಟಿಂಗ್‌ಗಳ ಅಧ್ಯಯನ ಮಾಡಿ, ತರಬೇತಿ ಪಡೆದವರಲ್ಲಿ ಲಕ್ಷಣಗಳು ಇಳಿದವೆಂದು ತೋರಿಸಿದರು. ಎರಡೂ ಸಣ್ಣ ಅಧ್ಯಯನಗಳು. ಅಮೆರಿಕದ ಸೈನ್ಯ ಮತ್ತು ಮಾಜಿ ಸೈನಿಕರ ಇಲಾಖೆಗಳು 2023ರಲ್ಲಿ ಹೊರಡಿಸಿದ ಮಾರ್ಗಸೂಚಿ, ಇದನ್ನು ಮಾಡಿಸಿ ಎನ್ನಲೂ ಬೇಡ ಎನ್ನಲೂ ಸಾಕಷ್ಟು ಪುರಾವೆ ಇಲ್ಲ ಎಂದಿದೆ. ಮುಂಚೂಣಿಯಲ್ಲಿರುವುದು ಮಾತಿನ ಚಿಕಿತ್ಸೆಗಳೇ: ನಡೆದದ್ದನ್ನು ಸುರಕ್ಷಿತವಾಗಿ, ಹಂತ ಹಂತವಾಗಿ ಮತ್ತೆ ಎದುರಿಸುವ ಚಿಕಿತ್ಸೆ, ಆ ಘಟನೆಯ ಬಗ್ಗೆ ಮನಸ್ಸಿನಲ್ಲಿ ಗಂಟುಬಿದ್ದ ವಿಚಾರಗಳನ್ನು ಬಿಡಿಸುವ ಚಿಕಿತ್ಸೆ, ಕಣ್ಣಿನ ಚಲನೆಯ ಇಎಂಡಿಆರ್. ಸರ್ಟ್ರಲೀನ್, ಪ್ಯಾರೊಕ್ಸೆಟೀನ್‌ನಂಥ ಮಾತ್ರೆಗಳಿವೆ. ನ್ಯೂರೋಫೀಡ್‌ಬ್ಯಾಕ್ ಇವುಗಳ ಪಕ್ಕದಲ್ಲಿ ಕೂರಬೇಕಾದದ್ದು. ನಮ್ಮವರು ಬಾಯಿ ಬಿಡುತ್ತಿರಲಿಲ್ಲ. ಮಾತಿನ ಚಿಕಿತ್ಸೆಯಲ್ಲಿ ಎರಡು ಸಲ ಕುಳಿತು ಎದ್ದು ಬಂದಿದ್ದರು. ಮಾತಾಡದೆಯೂ ಮಾಡಬಹುದಾದದ್ದು ಎಂಬ ಕಾರಣಕ್ಕೆ ನಮ್ಮ ಮನೋವೈದ್ಯರು ಇದಕ್ಕೆ ಒಪ್ಪಿದರು.

ಯಾರ ಹತ್ತಿರ ಹೋಗಬೇಕು

ಮೊದಲು ನಾವು ಹೋದ ಒಂದು ಕಡೆ ನಲವತ್ತು ಸಿಟಿಂಗ್‌ಗಳ ಹಣವನ್ನು ಮುಂಗಡವಾಗಿ ಕಟ್ಟಿ, ನೂರಕ್ಕೆ ನೂರು ಗುಣ ಮಾಡುತ್ತೇವೆ, ಇಂದಿನಿಂದಲೇ ಮಾತ್ರೆ ನಿಲ್ಲಿಸಿ ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಬಂದೆವು. ನಿಮಗೂ ಇದೇ ಮಾತು ಹೇಳಿದರೆ ಎದ್ದು ಬನ್ನಿ. ವರ್ಷಗಟ್ಟಲೆ ತೆಗೆದುಕೊಂಡ ನಿದ್ದೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಕ್ಲೋನಾಜೆಪಾಮ್‌ನಂಥ ಮಾತ್ರೆಗಳು ಮಿದುಳಿನ ಅಲೆಗಳನ್ನೂ ಬದಲಾಯಿಸುತ್ತವೆ, ಬೀಟಾ ಹೆಚ್ಚಿಸುತ್ತವೆ. ಆದ್ದರಿಂದ ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಂಡು ಹೋಗಿ ತೋರಿಸಬೇಕು. ಹಿಂದೆ ಫಿಟ್ಸ್ ಬಂದಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ ಅದನ್ನೂ ಹೇಳಬೇಕು. ಶೆಲ್ ಸಿಡಿತದ ಹತ್ತಿರವಿದ್ದವರು "ನನಗೆ ಗಾಯವೇ ಆಗಲಿಲ್ಲ" ಎನ್ನುತ್ತಾರೆ. ಆ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿತ್ತೇ, ಕಿವಿ ಮುಚ್ಚಿಕೊಂಡಿತ್ತೇ ಎಂದು ನೀವೇ ಕೇಳಿ ತಿಳಿದುಕೊಳ್ಳಿ.

ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಲಿ, ಅಥವಾ ಅಂಥವರ ಇಲ್ಲವೇ ಮನೋವೈದ್ಯರ ಉಸ್ತುವಾರಿಯಲ್ಲಿರಲಿ. ನಾನು ಕೇಳಿದ ಪ್ರಶ್ನೆಗಳನ್ನು ನೀವೂ ಕೇಳಿ. ವೈರ್ ಎಲ್ಲಿ ಹಚ್ಚುತ್ತೀರಿ, ಯಾವ ಅಲೆಯನ್ನು ಏರಿಸುತ್ತೀರಿ, ಏಕೆ? ಹಳೆಯ ದೃಶ್ಯ ಕಣ್ಣ ಮುಂದೆ ಬಂದರೆ ಏನು ಮಾಡುತ್ತೀರಿ? ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರಿರುತ್ತಾರೆ? ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ತಡವರಿಸಿದರೆ ಅವರ ಕೈಗೆ ಸೈನಿಕನನ್ನು ಒಪ್ಪಿಸಬೇಡಿ. ನಮಗೆ ಸಿಕ್ಕ ಹುಡುಗಿ ಮೂವತ್ತು ದಾಟದವಳು, ಬೆಂಗಳೂರಿನಲ್ಲಿ ಕಲಿತು ಬಂದವಳು. "ಹತ್ತು ಸಿಟಿಂಗ್ ಆದ ಮೇಲೆ ಅಂಕ ನೋಡೋಣ ಕಾಕೂ, ಇಳಿಯದಿದ್ದರೆ ನಾನೇ ಬೇಡ ಎನ್ನುತ್ತೇನೆ" ಎಂದಳು. ಆ ಮಾತಿಗೆ ನಾನು ಒಪ್ಪಿದೆ.

ಹಣದ ವಿಷಯ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದ್ದವರು ಪಾಲಿಕ್ಲಿನಿಕ್ಕಿನಿಂದ ರೆಫರಲ್ ಬರೆಸಿಕೊಂಡೇ ಹೊರಗೆ ಹೋಗಿ. ತುರ್ತಿನ ಹೊರತು ರೆಫರಲ್ ಇಲ್ಲದ ಖರ್ಚನ್ನು ವಾಪಸು ಪಡೆಯುವುದು ಕಷ್ಟ. ಈ ಚಿಕಿತ್ಸೆಗೆ ಮಂಜೂರಾತಿ ಸಿಗುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ. ನಾವು ಕೈಯಿಂದಲೇ ಕೊಟ್ಟೆವು, ಸಿಟಿಂಗ್‌ಗೆ ಸಾವಿರ ರೂಪಾಯಿ, ಆಯಾ ದಿನ.

ಬಂದೂಕು ಮತ್ತು ಬಾಟಲಿ

ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಬ್ಯಾಂಕ್ ಕಾವಲಿಗೆ ಹೋಗುವ ಎಷ್ಟೋ ಮಾಜಿ ಸೈನಿಕರ ಮನೆಯಲ್ಲಿ ಪರವಾನಗಿಯ ಜೋಡುನಳಿಗೆ ಬಂದೂಕು ಇರುತ್ತದೆ. ನಮ್ಮ ಮನೆಯಲ್ಲಿಯೂ ಇತ್ತು, ಕಪಾಟಿನಲ್ಲಿ, ನನ್ನ ಸೀರೆಗಳ ಹಿಂದೆ. ಚಿಕಿತ್ಸೆ ಆರಂಭವಾಗುವ ಮೊದಲು ಅದು ಮನೆಯಿಂದ ಹೋಗಬೇಕು. ಹಳೆಯದು ಕಲಕಿ ಮೇಲೆ ಬರುವ ದಿನಗಳಲ್ಲಿ ಅದು ಕೈಗೆಟುಕುವಂತೆ ಇರಬಾರದು. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ತೆಗೆದುಕೊಳ್ಳಬಹುದು. ನಮ್ಮವರು ಮೂರು ದಿನ ಮಾತು ಬಿಟ್ಟರು. ನಾನು ಒಂದೇ ಮಾತು ಹೇಳಿದೆ: "ರಜೆಗೆ ಬರುವಾಗ ನೀವೂ ಕೋತ್‌ನಲ್ಲಿ ಆಯುಧ ಜಮಾ ಮಾಡಿಯೇ ಬರುತ್ತಿದ್ದಿರಿ. ಇದೂ ರಜೆ ಎಂದುಕೊಳ್ಳಿ." ನಾಲ್ಕನೆಯ ದಿನ ಅವರೇ ಬಂದೂಕನ್ನು ಎಣ್ಣೆ ಹಾಕಿ ಒರೆಸಿ, ಚೀಲದಲ್ಲಿಟ್ಟುಕೊಂಡು ಹೊರಟರು.

ಸೇನಾ ಕ್ಯಾಂಟೀನಿನ ಮದ್ಯದ ಕೋಟಾ ಇನ್ನೊಂದು. ನಿದ್ದೆಗೆಂದು ಎರಡು ಪೆಗ್ ರಮ್ಮಿನಿಂದ ಶುರುವಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಇದನ್ನು ಓದುವ ಹೆಣ್ಣುಮಕ್ಕಳಿಗೆ ಗೊತ್ತು. ಕುಡಿತ ಇದ್ದರೆ ವೈದ್ಯರಿಗೆ ಎಷ್ಟೆಂದು ನಿಜವನ್ನೇ ಹೇಳಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೂ ಅಪಾಯ. ಆಸ್ಪತ್ರೆಯ ನಿಗಾದಲ್ಲಿ ಬಿಡಿಸಬೇಕು.

ಸಾಯುವ ಮಾತು ಬಾಯಿಗೆ ಬಂದರೆ ಮುಂದಿನ ಸಿಟಿಂಗ್‌ಗೆ ಕಾಯಬೇಡಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು.

ಸಿಟಿಂಗ್‌ನ ದಿನ

ತಲೆಗೆ ಎಣ್ಣೆ ಹಚ್ಚಬೇಡಿ. ಇದು ಸಣ್ಣ ಮಾತೆನಿಸಬಹುದು, ಆದರೆ ನಮ್ಮ ಮೊದಲ ಸಿಟಿಂಗ್ ಪೂರ್ತಿ ಹಾಳಾದದ್ದು ಇದರಿಂದಲೇ. ಒಳ್ಳೆಯ ಕೆಲಸಕ್ಕೆ ಹೊರಟವರೆಂದು ನಾನೇ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸಿದ್ದೆ. ಎಣ್ಣೆ ಚರ್ಮದ ಮೇಲಿದ್ದರೆ ವೈರ್‌ನ ತುದಿಯ ಪುಟ್ಟ ಬಟ್ಟಲು ಸರಿಯಾಗಿ ಅಂಟುವುದಿಲ್ಲ, ಅಲೆಯ ಬದಲು ಗದ್ದಲ ದಾಖಲಾಗುತ್ತದೆ. ಹಿಂದಿನ ರಾತ್ರಿ ಶಾಂಪೂ ಅಥವಾ ಸೀಗೆಕಾಯಿಯಿಂದ ತಲೆ ತೊಳೆದು, ಎಣ್ಣೆ ಇಲ್ಲದೆ, ಒದ್ದೆ ಇಲ್ಲದೆ ಹೋಗಬೇಕು. ಅಲ್ಲಿ ನೆತ್ತಿಯ ಚರ್ಮವನ್ನು ಮರಳು ಮರಳಾದ ಜೆಲ್‌ನಿಂದ ಉಜ್ಜಿ, ಬಿಳಿ ಪೇಸ್ಟ್ ಇಟ್ಟು ವೈರ್ ಹಚ್ಚುತ್ತಾರೆ. ಕಿವಿಯ ಹಾಲೆಗೆ ಕ್ಲಿಪ್ ಹಾಕುತ್ತಾರೆ. ಮುಗಿದ ಮೇಲೆ ಆ ಪೇಸ್ಟ್ ಕೂದಲಲ್ಲಿ ಒಣಗಿ ಗಟ್ಟಿಯಾಗುತ್ತದೆ, ಬಿಸಿನೀರಿಗೆ ಹೋಗುತ್ತದೆ. ಚೀಲದಲ್ಲಿ ಒಂದು ಟವೆಲ್ ಇರಲಿ.

ಹೊಟ್ಟೆ ಖಾಲಿ ಇರಬಾರದು. ನಾವು ಒಂಬತ್ತಕ್ಕೆ ಉಪ್ಪಿಟ್ಟು ತಿಂದು ಹೊರಟು ಹನ್ನೊಂದಕ್ಕೆ ತಲುಪುತ್ತಿದ್ದೆವು. ಚಹಾ ಬೆಳಗಿನದೊಂದೇ. ತಂಬಾಕು ಅಂದು ಬೇಡವೇ ಬೇಡ. ಹಿಂದಿನ ರಾತ್ರಿ ಒಂದಿಷ್ಟೂ ನಿದ್ದೆ ಆಗಿರದಿದ್ದರೆ ಫೋನ್ ಮಾಡಿ ದಿನ ಮುಂದೂಡಿ. ಜೊಂಪಿನ ಅಲೆಗಳೇ ಬಂದು ಹಣ ದಂಡವಾಗುತ್ತದೆ.

ಧಾರವಾಡದ ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ ಹತ್ತಿ ಹೋಗುತ್ತಿದ್ದೆವು. ಸ್ಕೂಟರ್ ಇದ್ದರೂ ಒಯ್ಯಲಿಲ್ಲ. ಸಿಟಿಂಗ್ ಆದ ಮೇಲೆ ಕೆಲವೊಮ್ಮೆ ತಲೆನೋವು, ಸುಸ್ತು, ಅರೆನಿದ್ದೆಯಂಥ ಮಂಪರು ಇರುತ್ತದೆ. ವಾಹನ ಓಡಿಸುವ ಸ್ಥಿತಿ ಅದಲ್ಲ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಸಿಗುವವರೆಗೆ ಒಂದೆರಡು ಬಸ್ ಬಿಡುತ್ತಿದ್ದೆವು. ಹೊರಬೀಳುವ ದಾರಿ ಕಣ್ಣಿಗೆ ಕಾಣುತ್ತಿದ್ದರೆ ಅವರ ಉಸಿರು ಸಮವಾಗಿರುತ್ತಿತ್ತು.

ಕುರ್ಚಿಯ ವಿಷಯವೂ ಹಾಗೆಯೇ. ಮೊದಲ ದಿನ ಬಾಗಿಲಿಗೆ ಬೆನ್ನು ಹಾಕಿ ಕೂರಿಸಿದರು. ಹಿಂದೆ ಯಾರಾದರೂ ಸುಳಿದರೆ ಇವರ ಕತ್ತು ತಿರುಗುತ್ತಿತ್ತು, ಪರದೆಯ ಗೆರೆಗಳು ಚಿಂದಿಯಾಗುತ್ತಿದ್ದವು. ಎರಡನೆಯ ಸಲ ನಾನೇ ಹೇಳಿ ಕುರ್ಚಿಯನ್ನು ಗೋಡೆಗೆ ಬೆನ್ನು ಬರುವಂತೆ, ಬಾಗಿಲು ಕಾಣುವಂತೆ ತಿರುಗಿಸಿದೆ. ಸೈನಿಕರಿಗೆ ಇದನ್ನು ಕೇಳುವುದು ಅವಮಾನವೆನಿಸುತ್ತದೆ, ಅವರು ಕೇಳುವುದಿಲ್ಲ. ನೀವು ಕೇಳಿ. ವೈರ್, ಡಬ್ಬಿ, ಕಂಪ್ಯೂಟರ್ ಎಲ್ಲವನ್ನೂ ಅವರು ಮುಟ್ಟಿ ನೋಡಲಿ. ಮೊಬೈಲ್, ಚಾರ್ಜರ್ ದೂರವಿರಲಿ; ಮನೆಗೆ ಬರುವ ಕರೆಂಟಿನ 50 ಹರ್ಟ್ಜ್ ಗುಂಯ್ಗುಡುವಿಕೆ ಮಿದುಳಿನ ಅಲೆಯ ಮೇಲೆ ಬಂದು ಕೂರುತ್ತದೆ.

ತರಬೇತಿ ಇಪ್ಪತ್ತರಿಂದ ಮೂವತ್ತು ನಿಮಿಷ, ಮುಂಚಿನ ಮತ್ತು ನಂತರದ ಕೆಲಸ ಸೇರಿ ಒಂದು ಗಂಟೆ. ಮೊದಲ ತಿಂಗಳು ಕಣ್ಣು ತೆರೆದು, ನೆತ್ತಿಯ ನಡುವೆ ವೈರ್ ಹಚ್ಚಿ, ಸೆಕೆಂಡಿಗೆ 12ರಿಂದ 15ರ ಅಲೆಯನ್ನು ಏರಿಸುವ ಅಭ್ಯಾಸ ಮಾಡಿಸಿದರು. ಮೈ ಅಲುಗಾಡದೆ, ಮನಸ್ಸು ಎಚ್ಚರವಾಗಿ ಇರುವ ಸ್ಥಿತಿಯ ಅಲೆ ಅದು. ಪರದೆಯ ಮೇಲೆ ದೋಣಿ. ಅಲೆ ಬಂದರೆ ದೋಣಿ ಸಾಗುತ್ತದೆ. ಆರು ಸಿಟಿಂಗ್ ಆದರೂ ದೋಣಿ ಸಾಗಲೊಲ್ಲದು. ನಮ್ಮವರು ಅದನ್ನು ಕಣ್ಣಿನಿಂದ ತಳ್ಳುವವರಂತೆ ನೋಡುತ್ತಿದ್ದರು. ಇಪ್ಪತ್ತು ವರ್ಷ ಹುಕುಂ ಪಾಲಿಸಿದವರಿಗೆ "ಏನೂ ಮಾಡಬೇಡಿ" ಎಂಬ ಹುಕುಂ ಎಲ್ಲಕ್ಕಿಂತ ಕಷ್ಟದ್ದು. ಏಳನೆಯ ದಿನ ನಾನು ಮೂಲೆಯ ಸ್ಟೂಲಿನ ಮೇಲೆ ಕುಳಿತು ಅವರ ದವಡೆಯನ್ನು ನೋಡಿದೆ. ಕಪೋಲದ ಸ್ನಾಯು ಕಲ್ಲಾಗಿತ್ತು. ಹುಡುಗಿಗೆ ಸನ್ನೆ ಮಾಡಿದೆ. ದವಡೆಯ, ಹಣೆಯ ಸ್ನಾಯುಗಳ ವಿದ್ಯುತ್ತು ಮಿದುಳಿನದಕ್ಕಿಂತ ಎಷ್ಟೋ ದೊಡ್ಡದು. ಹಲ್ಲು ಕಚ್ಚಿದರೆ ಮಿದುಳಿನ ಮಾತು ಅದರಡಿ ಮುಚ್ಚಿಹೋಗುತ್ತದೆ. "ಕಾಕಾ, ತುಟಿ ಕೂಡಿರಲಿ, ಹಲ್ಲು ಬಿಡಿ. ನಾಲಿಗೆ ಸುಮ್ಮನೆ ಮಲಗಲಿ" ಎಂದಳು. ಸ್ವಲ್ಪ ಹೊತ್ತಿಗೆ ದೋಣಿ ಒಂದು ಗೇಣು ಸಾಗಿತು. ಆಗ ಅವರು ಏನು ನೆನೆದಿದ್ದರು ಎಂದು ಆಮೇಲೆ ತಾವಾಗಿ ಹೇಳಿದರು: ನವಲಗುಂದದ ಕಡೆಯ ತಮ್ಮ ತಂದೆಯ ಎರೆಹೊಲ, ಹಿಂಗಾರಿ ಜೋಳ ತೆನೆಗಟ್ಟಿದಾಗಿನ ಬೆಳಗು, ಗಾಳಿ ಇಲ್ಲ, ಇಬ್ಬನಿ. ನಿಮ್ಮವರಿಗೂ ಇಂಥದೊಂದು ಜಾಗ ಇರುತ್ತದೆ. ಅದನ್ನು ಅವರೇ ಹುಡುಕಿಕೊಳ್ಳಬೇಕು, ನಾವು ಸೂಚಿಸಿದರೆ ಬರುವುದಿಲ್ಲ.

ಹನ್ನೆರಡನೆಯ ಸಿಟಿಂಗ್

ಹತ್ತು ಮುಗಿದಾಗ ಅಂಕ 56ರಿಂದ 49ಕ್ಕೆ ಇಳಿದಿತ್ತು. ಹುಡುಗಿ ಆಲ್ಫಾ-ಥೀಟಾ ಆರಂಭಿಸೋಣ ಎಂದಳು. ಇದರಲ್ಲಿ ಕಣ್ಣು ಮುಚ್ಚಿರುತ್ತದೆ, ವೈರ್ ತಲೆಯ ಹಿಂಭಾಗಕ್ಕೆ ಬರುತ್ತದೆ, ಕಿವಿಗೆ ನೀರು ಹರಿಯುವ ಸದ್ದು, ಮೆಲ್ಲನೆಯ ಗಂಟೆ. ಆಲ್ಫಾವನ್ನು ಥೀಟಾ ದಾಟಿ ಮೇಲೆ ಬಂದಾಗ ಮನುಷ್ಯ ನಿದ್ದೆ ಎಚ್ಚರಗಳ ನಡುವಿನ ಹೊಸ್ತಿಲಲ್ಲಿ ಇರುತ್ತಾನೆ. ಹಳೆಯದು ಎದ್ದು ಬರುವುದು ಅಲ್ಲಿಯೇ. ಇದನ್ನು ಮೊದಲೇ ನಮಗೆ ಹೇಳಿದ್ದರು, ನಿಮಗೂ ಹೇಳದಿದ್ದರೆ ಒಪ್ಪಬೇಡಿ.

ಹದಿನೆಂಟನೆಯ ನಿಮಿಷಕ್ಕೆ ನಮ್ಮವರ ಬಲಭುಜ ಕೆಳಗಿಳಿಯಿತು, ಹೆಗಲ ಮೇಲೆ ಯಾರನ್ನೋ ಹೊತ್ತವರಂತೆ. ಬೆರಳುಗಳು ಯಾವುದನ್ನೋ ಬಿಗಿಯಾಗಿ ಹಿಡಿದವು. ಬಾಯಿಂದ ಸದ್ದಿಲ್ಲ, ಕಣ್ಣಿಂದ ನೀರು ಕುತ್ತಿಗೆಯವರೆಗೆ. ಹುಡುಗಿ ಗಂಟೆಯ ಸದ್ದು ನಿಲ್ಲಿಸಿದಳು. ಮುಟ್ಟಲಿಲ್ಲ. ಎದುರಿಗೆ ಬಂದು ನಿಂತು ಸಹಜ ದನಿಯಲ್ಲಿ ಹೇಳಿದಳು: "ಕಾಕಾ, ನೀವು ಹುಬ್ಬಳ್ಳಿಯಲ್ಲಿದ್ದೀರಿ. ಇಂದು ಗುರುವಾರ. ಎರಡೂ ಕಾಲನ್ನು ನೆಲಕ್ಕೆ ಒತ್ತಿ. ಕಿಟಕಿಯಲ್ಲಿ ಏನು ಕಾಣುತ್ತದೆ, ಹೇಳಿ." ಬಹಳ ಹೊತ್ತಿನ ಮೇಲೆ "ಬೇವಿನ ಮರ" ಎಂದರು. "ಇನ್ನೇನು?" "ಕಾಗೆ." ಹೀಗೆ ಐದು ಕಾಣುವುದು, ನಾಲ್ಕು ಮುಟ್ಟುವುದು, ಮೂರು ಕೇಳುವುದು ಎಂದು ಅವರನ್ನು ಕೋಣೆಗೆ ಮರಳಿ ತಂದಳು. ತಣ್ಣೀರು ಕೊಟ್ಟಳು. ಒಂದು ಗಂಟೆ ಹೊರಗೆ ಬಿಡಲಿಲ್ಲ. ಮನೋವೈದ್ಯರಿಗೆ ಅಂದೇ ಫೋನ್ ಮಾಡಿದಳು. ಮುಂದಿನ ಎರಡು ವಾರ ಕಣ್ಣು ತೆರೆದ ಅಭ್ಯಾಸಕ್ಕೇ ಹಿಂದಿರುಗಿದರು.

ಆ ರಾತ್ರಿ ತಪ್ಪು ಮಾಡಿದವಳು ನಾನು. ಊಟಕ್ಕೆ ಬಡಿಸುತ್ತ "ಏನು ಕಂಡಿತು?" ಎಂದು ಕೇಳಿದೆ. ಎರಡು ದಿನ ಅವರು ಅನ್ನ ಮುಟ್ಟಲಿಲ್ಲ. ಕೇಳಬೇಡಿ. ಬಿಸಿನೀರು ಕಾಯಿಸಿ, ಮೆತ್ತನೆಯ ಊಟ ಮಾಡಿ, ನೆಂಟರನ್ನು ಅಂದು ಕರೆಯಬೇಡಿ, ಪಕ್ಕದಲ್ಲಿರಿ. ಅವರು ಹೇಳಿದ್ದು ಐದು ವಾರಗಳ ಮೇಲೆ, ಕೆಲಗೇರಿ ಕೆರೆಯ ದಂಡೆಯಲ್ಲಿ ನಡೆಯುವಾಗ, ನನ್ನ ಮುಖ ನೋಡದೆ. ಅದು ನನ್ನ ಹತ್ತಿರವೇ ಇರುತ್ತದೆ. ಅದರ ಮರುವಾರ ಅವರು ತಾವೇ ಮಾತಿನ ಚಿಕಿತ್ಸೆಗೆ ಮತ್ತೆ ಹೋಗಿ ಕುಳಿತರು. ನನ್ನ ತಿಳಿವಳಿಕೆಯಲ್ಲಿ ವೈರ್‌ನಿಂದ ಆದ ದೊಡ್ಡ ಉಪಕಾರ ಅದು.

ಮನೆಯ ದಿನಚರಿ

ಎರಡು ಗೆರೆಯ ಒಂದು ನೋಟ್‌ಬುಕ್ ಇಡಿ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟು ಸಲ, ಯಾವ ಸದ್ದಿಗೆ ಬೆಚ್ಚಿದರು, ಸಿಟ್ಟು ಯಾವಾಗ ಬಂತು, ಮಾತ್ರೆ ತಪ್ಪಿತೇ. ದಿನಕ್ಕೆ ಎರಡು ಸಾಲು ಸಾಕು. ನನ್ನದರಲ್ಲಿ ಜುಲೈ ತಿಂಗಳಿನ ಒಂದು ದಿನ ಹೀಗಿದೆ: "1 ಗಂಟೆಗೆ ಮಲಗಿದರು. 2.40, 4.10ಕ್ಕೆ ಎದ್ದರು. ಗೇಟಿನ ಚಿಲಕ ಪರೀಕ್ಷೆ ಮೂರು ಸಲ. ಮೊಮ್ಮಗ ಬಲೂನ್ ಒಡೆದ, ಬೈಯಲಿಲ್ಲ, ಮಾಳಿಗೆಗೆ ಹೋದರು." ಅವರಿಗೆ ತಿಳಿಸಿಯೇ ಬರೆಯಿರಿ. ಮೊದಮೊದಲು ಬೇಸರಪಟ್ಟರೂ ಆಗಸ್ಟ್‌ನಲ್ಲಿ ತಾವೇ ಪೆನ್ನು ತೆಗೆದುಕೊಂಡು "4.10 ತಪ್ಪು, 4.25" ಎಂದು ತಿದ್ದಿದರು. ಈ ಪುಸ್ತಕವನ್ನು ಪ್ರತಿ ಸಿಟಿಂಗ್‌ಗೆ ಒಯ್ಯಬೇಕು. ನಿದ್ದೆ ಕೆಟ್ಟರೆ, ಸಿಡುಕು ಹೆಚ್ಚಿದರೆ, ಕೆಟ್ಟ ಕನಸು ಬಂದರೆ ತರಬೇತಿಯ ಅಲೆಯನ್ನೋ ಸಮಯವನ್ನೋ ಬದಲಿಸಬೇಕು ಎಂದು ಅವರಿಗೆ ಗೊತ್ತಾಗುವುದು ಇದರಿಂದಲೇ.

ನಿದ್ದೆಯಲ್ಲಿರುವವರನ್ನು ಮುಟ್ಟಿ ಎಬ್ಬಿಸಬೇಡಿ. ಬಾಗಿಲ ಹತ್ತಿರ, ಕಾಲಿನ ಕಡೆ ನಿಂತು ಹೆಸರೋ, ನೀವು ಎಂದಿನಂತೆ ಕರೆಯುವ ಮಾತೋ ಹೇಳಿ ಕರೆಯಿರಿ. ಎಲ್ಲಿದ್ದೀರಿ ಎಂದೂ ಹೇಳಿ. ಮಕ್ಕಳು, ಮೊಮ್ಮಕ್ಕಳಿಗೂ ಇದನ್ನು ಕಲಿಸಿ. ಗಣೇಶ ಚೌತಿ ಆ ವರ್ಷ ಆಗಸ್ಟ್ 31ಕ್ಕೆ ಬಂದಿತ್ತು. ವಿಸರ್ಜನೆಯ ಮೆರವಣಿಗೆಯ ದಾರಿ, ಹೊತ್ತು ಎಲ್ಲವನ್ನೂ ಓಣಿಯ ಹುಡುಗರನ್ನು ಕೇಳಿ ಮೊದಲೇ ತಿಳಿದುಕೊಂಡೆ. ನಮ್ಮ ಮನೆಯ ಮುಂದೆ ಪಟಾಕಿ ಹಚ್ಚುವ ಐದು ನಿಮಿಷ ಮೊದಲು ತಿಳಿಸಿ ಎಂದು ಕೇಳಿಕೊಂಡೆ. ಹುಡುಗರು ತಪ್ಪದೆ ಬಂದು ಹೇಳಿದರು. ಸದ್ದು ಬರುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಾರ ಇಳಿದಂತೆ. ದೀಪಾವಳಿಗೆ ಮಾತ್ರ ಇದು ನಡೆಯುವುದಿಲ್ಲ. ಆ ನಾಲ್ಕು ದಿನ ನಾವು ಹಳ್ಳಿಯ ಹೊಲದ ಮನೆಗೆ ಹೋಗಿಬಿಡುತ್ತೇವೆ, ಈಗಲೂ.

ಮೂವತ್ತು ಮುಗಿದಾಗ ಅಂಕ 34. ನಿದ್ದೆ ಐದೂವರೆ ಗಂಟೆ. ಇದರಲ್ಲಿ ವೈರ್‌ನ ಪಾಲೆಷ್ಟು, ಮಾತ್ರೆಯದೆಷ್ಟು, ಮಾತಿನ ಚಿಕಿತ್ಸೆಯದೆಷ್ಟು, ಕೆರೆಯ ದಂಡೆಯ ನಡಿಗೆಯದೆಷ್ಟು ಎಂದು ಬೇರ್ಪಡಿಸಲಾಗದು, ಎಲ್ಲವೂ ಕೂಡಿಯೇ ನಡೆದವು. ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋದೆವು, ಈಗ ಬೇಕೆನಿಸಿದಾಗ ಮಾತ್ರ. ಮಾತ್ರೆಯ ಪ್ರಮಾಣವನ್ನು ವೈದ್ಯರೇ ನಿಧಾನವಾಗಿ ಇಳಿಸುತ್ತಿದ್ದಾರೆ. ಬಂದೂಕನ್ನು ಮರಳಿ ತಂದಿಲ್ಲ.

ಮನೆಯ ಸದ್ದುಗಳಿಗೆ ಮತ್ತೆ ಒಗ್ಗಿಸುವುದನ್ನು ಚಿಕಿತ್ಸಕರನ್ನು ಕೇಳದೆ ಆರಂಭಿಸಬೇಡಿ. ನಮಗೆ ಅವರು ಹೇಳಿಕೊಟ್ಟದ್ದು ಹೀಗೆ: ಹಗಲಿನಲ್ಲಿ ಮಾಡಿ, ಮೊದಲೇ ಹೇಳಿ ಮಾಡಿ, ಸದ್ದು ಮಾಡುವ ಕೈ ಅವರಿಗೆ ಕಾಣುತ್ತಿರಲಿ, ಸಾಕು ಎಂದೊಡನೆ ನಿಲ್ಲಿಸಿ. ಡಿಸೆಂಬರ್‌ನ ಒಂದು ಮಧ್ಯಾಹ್ನ ನಮ್ಮವರು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತರು. ನಾನು ಹಿಟ್ಟು ನಾದಿ, ಅವರ ಕಡೆ ನೋಡಿ, ಒಂದೇ ಒಂದು ರೊಟ್ಟಿ ಬಡಿದೆ. ಅವರ ಕೈ ಹೊಸ್ತಿಲನ್ನು ಗಟ್ಟಿಯಾಗಿ ಹಿಡಿದಿತ್ತು, ಕಣ್ಣು ನನ್ನ ಅಂಗೈ ಮೇಲಿತ್ತು. ಆ ರೊಟ್ಟಿಯನ್ನು ಅವರೇ ಉಂಡರು. ಈಗ ನಾಲ್ಕರವರೆಗೆ ಬಂದಿದ್ದೇವೆ. ಐದನೆಯದರಿಂದ ಮುಂದೆ ಲಟ್ಟಣಿಗೆ ತೆಗೆದುಕೊಳ್ಳುತ್ತೇನೆ.